ಕೆಳಗಿನ ಮನೆಯ ಅಕ್ಕ ತಮ್ಮ

ಮದುವೆಯಾಗಿ ಡೆಟ್ರಾಯ್ಟಿಗೆ ಬಂದ ಹೊಸದರಲ್ಲಿ ನಾವು ಬಾಡಿಗೆಗಿದ್ದದ್ದು ಒಂದು ಹಳೆಯ ಇಟ್ಟಿಗೆ ಮನೆಯ ಮಹಡಿಯಲ್ಲಿ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಹಿಂದಿನ ಬೇಸಿಗೆಯಲ್ಲಿ ಕಪ್ಪು ಜನರಿಗೂ ಪೊಲೀಸರಿಗೂ ಗಲಭೆಯಾಗಿ ಊರು ಹೊತ್ತಿ ಉರಿದಿತ್ತಂತೆ. ನಮ್ಮ ಬೀದಿ ದಾಟಿದರೆ ಸುಟ್ಟ ಅಂಗಡಿಗಳ ಸಾಲು, ಛಾವಣಿಯಿಲ್ಲದೆ ಹಾಗೇ ನಿಂತಿತ್ತು. ನಮ್ಮ ಯಜಮಾನರು ಕಾರ್ಖಾನೆಗೆ ಹೊರಟ ಮೇಲೆ ನಾನು ಬಾಗಿಲಿಗೆ ಚಿಲಕ ಹಾಕಿ, ಸರಪಳಿ ಸಿಕ್ಕಿಸಿ, ಅದೂ ಸಾಲದೆಂದು ಬಾಗಿಲಿಗೆ ಒಂದು ಕುರ್ಚಿಯನ್ನೂ ಒತ್ತಿಡುತ್ತಿದ್ದೆ. ಆಗ ನಾನು ಬಸುರಿ.

ಕೆಳಗಿನ ಮನೆಯಲ್ಲಿ ಇದ್ದವಳು ಮನೆಯ ಒಡತಿ, ಎಪ್ಪತ್ತು ದಾಟಿದ ಬಿಳಿಯ ಜನಾಂಗದ ವಿಧವೆ. ಹುಟ್ಟಿದ್ದು ಕೆಂಟಕಿ ರಾಜ್ಯದ ಹೊಗೆಸೊಪ್ಪಿನ ಹೊಲಗಳ ನಡುವೆ. ನನ್ನ ಕುರ್ಚಿ ಎಳೆಯುವ ಸದ್ದು ಕೇಳಿ ಕೇಳಿ ಸಾಕಾಗಿತ್ತೇನೋ, ಒಂದು ದಿನ ಮೆಟ್ಟಿಲ ಕೆಳಗಿನಿಂದಲೇ ಕೂಗಿದಳು. "ಮಗೂ, ಕೆಳಗೆ ಬಾ. ಒಬ್ಬಳೇ ಹೆದರೋದಕ್ಕಿಂತ ಇಬ್ಬರೂ ಕೂತು ಹೆದರೋಣ."

ಅಂದಿನಿಂದ ಮಧ್ಯಾಹ್ನಗಳು ಅವಳ ವರಾಂಡದಲ್ಲಿ ಕಳೆದವು. ಬೀನ್ಸ್ ಮುರಿಯುತ್ತಾ ನಾನು ಒಮ್ಮೆ ಕೇಳಿದೆ, ಹೋದ ವರ್ಷ ಈ ಊರು ಯಾಕೆ ಸುಟ್ಟಿತು ಅಂತ.

"ಇದು ಹೋದ ವರ್ಷ ಶುರುವಾದದ್ದಲ್ಲ," ಅಂದಳು. "ನಮ್ಮಜ್ಜನ ಮನೇಲಿ ಗುಲಾಮರಿದ್ದರು."

ಅವಳು ಅದನ್ನು ಹೇಳಿದ್ದು ಮನೆಯಲ್ಲಿ ಹಸು ಇದ್ದವು ಎನ್ನುವ ಹಾಗೆ. 

ಅವಳ ಅಜ್ಜ ಹುಡುಗನಾಗಿದ್ದಾಗ ದೇಶದಲ್ಲೆಲ್ಲ ಅದೇ ಜಗಳವಂತೆ. ಪಶ್ಚಿಮದಲ್ಲಿ ಹೊಸ ರಾಜ್ಯಗಳು ಹುಟ್ಟುತ್ತಿದ್ದವು. ಅಲ್ಲಿಗೂ ಗುಲಾಮರನ್ನು ಒಯ್ಯಬಹುದೋ ಬಾರದೋ ಎಂದು ಮೊದಲು ಶಾಸನಸಭೆಗಳಲ್ಲಿ ಕಿತ್ತಾಡಿದರು. ಆಮೇಲೆ ಚರ್ಚುಗಳೇ ಎರಡು ಪಂಗಡವಾಗಿ ಒಡೆದವು. ಕೊನೆಗೆ ಅದು ಊಟದ ಮೇಜಿಗೆ ಬಂತು. ಅಜ್ಜನ ಅಣ್ಣ, ಮನುಷ್ಯರನ್ನು ಇಟ್ಟುಕೊಳ್ಳುವುದು ಪಾಪ ಎಂದ. ಅಜ್ಜ, ಅವರಿಲ್ಲದೆ ಹೊಗೆಸೊಪ್ಪು ಕೊಯ್ಯುವವರು ಯಾರು ಎಂದ. ಅದೇ ಜಗಳಕ್ಕೆ ಗುಲಾಮಗಿರಿ ಬೇಡವೆಂದ ಉತ್ತರಕ್ಕೂ ಬೇಕೆಂದ ದಕ್ಷಿಣಕ್ಕೂ ಯುದ್ಧ ಶುರುವಾದಾಗ ಅಣ್ಣ ಉತ್ತರದ ಸೈನ್ಯಕ್ಕೆ, ತಮ್ಮ ದಕ್ಷಿಣದ ಸೈನ್ಯಕ್ಕೆ ಸೇರಿದರು. ಅಣ್ಣ ವಾಪಸು ಬರಲಿಲ್ಲ.

"ಆ ಗುಂಡು ತನ್ನದೇ ಇರಬಹುದು ಅಂತ ನಮ್ಮಜ್ಜನಿಗೆ ಸಾಯೋತನಕ ಭಯ," ಅಂದಳು. "ಆ ಇಬ್ಬರನ್ನೂ ಎತ್ತಿ ಆಡಿಸಿದ್ದು ಅಡುಗೆಯವಳು, ಅವಳೂ ಗುಲಾಮಳೇ. ಉತ್ತರದ ಸೈನ್ಯ ಹತ್ತಿರ ಬಂತು ಅಂತ ಗೊತ್ತಾದ ದಿನ, ನಾದಿದ ಹಿಟ್ಟು ಹಾಗೇ ಬಿಟ್ಟು ನಡೆದುಬಿಟ್ಟಳು. ತಿರುಗಿಯೂ ನೋಡಲಿಲ್ಲ. ಉಪಕಾರ ಸ್ಮರಣೆ ಇಲ್ಲದವಳು ಅಂತ ನಮ್ಮಜ್ಜಿ ಕೊನೇವರೆಗೂ ಬೈತಿದ್ದಳು. ಯಾವ ಉಪಕಾರ ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ."

ಅದು ಹಳೇ ಕಥೆ ಅಂದುಕೊಂಡು ಮೇಲೆ ಬಂದೆ. ಎಲೆ ಉದುರುವ ಕಾಲಕ್ಕೆ ಅವಳು ಮನೆ ಮಾರಲು ಹೊರಟಳು. ಕೊಳ್ಳಲು ಒಪ್ಪಿದವರು ಕಪ್ಪು ದಂಪತಿಗಳು. ಗಂಡ ಅಂಚೆ ಹಂಚುವವನು, ಹೆಂಡತಿ ನರ್ಸು. ನಮ್ಮ ಬೀದಿಯಲ್ಲಿ ಅದುವರೆಗೆ ಕಪ್ಪು ಜನ ಯಾರೂ ಇರಲಿಲ್ಲ.

ಅವಳಿಗೆ ಒಬ್ಬ ತಮ್ಮನಿದ್ದ. ಊರಾಚೆ ಹೊಸ ಬಡಾವಣೆಯಲ್ಲಿ ಮನೆ, ಪ್ರತಿ ಭಾನುವಾರ ಚರ್ಚು ಮುಗಿಸಿ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಆ ಭಾನುವಾರ ಮನೆ ಬೆಚ್ಚಗಿಡುವ ಬಿಸಿಗಾಳಿಯ ಕೊಳವೆಯೊಳಗಿಂದ ಅವರ ದನಿ ನಮ್ಮ ಅಡುಗೆಮನೆಗೇ ಏರಿ ಬಂತು.

"ಅವರಿಗೆ ಮಾರಿದರೆ ನನಗೆ ಅಕ್ಕ ಅನ್ನೋಳೇ ಇಲ್ಲ!"

"ಹಾಗಾದರೆ ಇಲ್ಲ ಅಂತಲೇ ಅಂದ್ಕೋ. ಮಾರ್ತೀನಿ."

ತಟ್ಟೆಯೊಂದು ಒಡೆಯಿತು. ನಮ್ಮ ಯಜಮಾನರು ಸಾರಿನ ಪಾತ್ರೆ ಹಿಡಿದವರು ಹಾಗೇ ನಿಂತರು. "ಇವರ ಜಗಳಕ್ಕೆ ನಾವು ತಲೆ ಹಾಕೋದು ಬೇಡ ಕಣೇ," ಎಂದು ಪಿಸುಗುಟ್ಟಿದರು.

ಆದರೆ ಜಗಳ ನಮ್ಮನ್ನು ಬಿಡಲಿಲ್ಲ. ಫೋನುಗಳು ಬರತೊಡಗಿದವು. ಮೊದಮೊದಲು ಬರೀ ಉಸಿರು. ಒಂದು ಸಲ ಗಂಡಸಿನ ದನಿ, ಬಹಳ ಮೃದುವಾಗಿ, "ನೀವು ಮೇಲಿನವರು ಅಲ್ವಾ? ನೀವು ಯಾವ ಕಡೆ?" ಎಂದು ಕೇಳಿತು. ಫೋನಿಟ್ಟುಬಿಟ್ಟೆ. ನಾನು ಯಾವ ಕಡೆ ಎಂದು ನನಗೇ ಗೊತ್ತಿರಲಿಲ್ಲ. ನನ್ನ ಬಣ್ಣ ನೋಡಿ ಅವರು ಯಾವ ಕಡೆಗೆ ಸೇರಿಸುತ್ತಾರೋ ಅದೂ ಗೊತ್ತಿರಲಿಲ್ಲ.

ಕೊಳ್ಳುವವರು ಮತ್ತೊಮ್ಮೆ ಮನೆ ನೋಡಲು ಬರಬೇಕಾಗಿದ್ದದ್ದು ಶನಿವಾರ ಮಧ್ಯಾಹ್ನ. ನಮ್ಮ ಯಜಮಾನರಿಗೆ ಓವರ್‌ಟೈಮ್ ಕೆಲಸ. ಕಿಟಕಿಯಿಂದ ನೋಡಿದರೆ ಮನೆಯೆದುರು ತಮ್ಮನ ಕಾರು, ಒಳಗೆ ಇನ್ನೂ ಇಬ್ಬರು. ಹಿಂದೆ ಕೂತವನ ತೊಡೆಯ ಮೇಲೆ ಉದ್ದನೆಯ ಬಂದೂಕು. ಅದನ್ನು ಮುಚ್ಚಿಡುವ ಗೋಜಿಗೂ ಅವನು ಹೋಗಿರಲಿಲ್ಲ.

ಒಡತಿ ಕೆಳಗಿನಿಂದ ಕೂಗಿದಳು. "ಮಗೂ, ನನ್ನ ಜೊತೆ ಕೂರ್ತೀಯಾ? ಆಗಲ್ಲ ಅಂದ್ರೂ ಪರವಾಗಿಲ್ಲ."

ಹೋಗಬಾರದು ಎಂದೇ ಅನ್ನಿಸಿತು. ಆದರೂ ಗೋಡೆ ಹಿಡಿದು ವರಾಂಡಕ್ಕೆ ಇಳಿದೆ. ಮುದುಕಿಯ ಮುಖ ಬಿಳಿಚಿಕೊಂಡಿತ್ತು. ಪೊಲೀಸರಿಗೆ ಫೋನ್ ಮಾಡಿ ಆಗಿತ್ತಂತೆ, ಯಾರೂ ಬಂದಿರಲಿಲ್ಲ. ಕೊಳ್ಳುವವರ ಕಾರು ಬಂದು ಎದುರು ನಿಂತಿತು. ಅವರು ಬಂದೂಕು ನೋಡಿದರು, ಇಳಿಯಲಿಲ್ಲ. ಎರಡು ಕಾರುಗಳ ಮಧ್ಯೆ ಆ ಬೀದಿ ಉಸಿರು ಬಿಗಿಹಿಡಿದಂತಿತ್ತು.

ಅಷ್ಟರಲ್ಲಿ ನನ್ನ ಕಿಬ್ಬೊಟ್ಟೆಯಲ್ಲಿ ಯಾರೋ ಹಿಂಡಿದಂತಾಯಿತು. ವರಾಂಡದ ಮೆಟ್ಟಿಲ ಮೇಲೆ ಕುಸಿದು "ಅಮ್ಮಾ" ಎಂದೆ.

ಕಾರಿನ ಬಾಗಿಲು ತೆರೆಯಿತು. ಆ ನರ್ಸು ಇಳಿದಳು. ಒಳಗಿಂದ ಗಂಡ ಬೇಡವೆಂದು ಕೂಗುತ್ತಿದ್ದ. ಅವಳು ಬಂದೂಕಿನ ಮುಂದೆಯೇ ನಡೆದು ಬಂದು, ನನ್ನ ಪಕ್ಕ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟಳು. "ಎಷ್ಟನೇ ತಿಂಗಳು? ಉಸಿರು ನಿಧಾನಕ್ಕೆ ಬಿಡಿ. ನನ್ನ ಕಡೆ ನೋಡಿ, ಆ ಕಡೆ ನೋಡಬೇಡಿ." ಅವಳ ಕೈ ಬೆಚ್ಚಗಿತ್ತು.

ಆಗ ಒಡತಿಯ ತಮ್ಮ ತನ್ನ ಕಾರಿಂದಿಳಿದು ಹುಲ್ಲಿನವರೆಗೆ ಬಂದ. ಒಡತಿ ಎದ್ದು ನಿಂತಳು. "ಇನ್ನೊಂದು ಹೆಜ್ಜೆ ಇಡಬೇಕಾದರೆ ಮೊದಲು ನನ್ನ ಹೊಡೆದು ಬಾ."

ಅವನು ಅಕ್ಕನನ್ನು ನೋಡಿದ, ಆಮೇಲೆ ನಮ್ಮಿಬ್ಬರನ್ನು.  ಕಾರಿಗೆ ಹಿಂತಿರುಗಿದ. ಅವರು ಬೀದಿಯ ಮೂಲೆ ತಿರುಗುವ ತನಕ ಯಾರೂ ಅಲುಗಾಡಲಿಲ್ಲ.

ನೋವು ತಾನಾಗಿ ಇಳಿಯಿತು. ಮಗಳು ಹುಟ್ಟಿದ್ದು ಚಳಿಗಾಲದಲ್ಲಿ, ಸುಖವಾಗಿಯೇ. ಮನೆ ಮಾರಾಟವಾಯಿತು. ಒಡತಿ ಒಂದು ಸಣ್ಣ ಅಪಾರ್ಟ್‌ಮೆಂಟಿಗೆ ಹೋದಳು, ಕೆಲವು ವರ್ಷಗಳ ನಂತರ ತೀರಿಕೊಂಡಳು. ನರ್ಸು ಮತ್ತು ನಾನು ಮಣ್ಣಿಗೆ ಹೋಗಿದ್ದೆವು. ತಮ್ಮ ಬರಲಿಲ್ಲ.

ಅಷ್ಟು ಹೊತ್ತಿಗೆ ನಾವು ಊರಾಚೆಯ ಬಡಾವಣೆ ಸೌತ್‌ಫೀಲ್ಡ್‌ನಲ್ಲಿ ಸ್ವಂತ ಮನೆ ಕೊಂಡಿದ್ದೆವು. ಅಲ್ಲಿ ನನ್ನ ಭಯ ಮುಗಿಯಿತು ಅಂದುಕೊಂಡಿದ್ದೆ. ಎಪ್ಪತ್ತರ ದಶಕದ ನಡುವೆ ನಮ್ಮ ಬೀದಿಗೆ ಒಂದು ಕಪ್ಪು ಕುಟುಂಬ ಬಂತು. ವಾರ ಕಳೆಯುವುದರೊಳಗೆ ಅಕ್ಕಪಕ್ಕದ ಬಿಳಿಯರ ಹುಲ್ಲುಹಾಸಿನ ಮೇಲೆ ಮಾರಾಟದ ಬೋರ್ಡುಗಳು ಎದ್ದವು. ಒಂದು ಸಂಜೆ ಕಾಫಿ ಕುಡಿಯುತ್ತಾ ನಮ್ಮ ಯಜಮಾನರು ಹೊರಗೆ ನೋಡಿ, "ಎಲ್ಲರೂ ಹೋಗ್ತಿದಾರೆ. ನಾವೂ ಮಾರಿಬಿಡೋದು ಒಳ್ಳೇದೇನೋ," ಎಂದರು.

ಹಿಂದೆ ಫೋನಿನಲ್ಲಿ ಬಂದಿದ್ದಂಥದೇ ಆ ಮೃದುವಾದ ದನಿ ಕೇಳಿ ನನ್ನ ಮೈ ತಣ್ಣಗಾಯಿತು. ಬಂದೂಕು ನೋಡಿದಾಗಲೂ ಅಷ್ಟು ಹೆದರಿರಲಿಲ್ಲ.

"ನೀವು ಬೇಕಾದರೆ ಹೋಗಿ," ಅಂದೆ. "ನಾನು ಬರೋಲ್ಲ."

ಮದುವೆಯಾದ ಮೇಲೆ ಅವರಿಗೆ ಅಂಥ ಮಾತು ಆಡಿದ್ದು ಅದೇ ಮೊದಲು. ಅವರು ಲೋಟ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. ಬಹಳ ದಿನ ನಾವು ಬೇಕಾದಷ್ಟೇ ಮಾತಾಡಿಕೊಂಡು ಒಂದೇ ಮನೆಯಲ್ಲಿದ್ದೆವು. ಮನೆ ಮಾರಲಿಲ್ಲ. ಆ ವಿಷಯ ಅವರು ಮತ್ತೆ ಎತ್ತಲಿಲ್ಲ, ಅಂದು ಯಾಕೆ ಹಾಗೆ ಅಂದಿರಿ ಎಂದು ನಾನೂ ಕೇಳಲಿಲ್ಲ. ಕೇಳಿದರೆ ಏನು ಹೇಳುತ್ತಾರೋ ಎಂಬ ಹೆದರಿಕೆ ಮಾತ್ರ ಇವತ್ತಿಗೂ ಹೋಗಿಲ್ಲ.