ತೊಳೆದು ಮಡಿಸಿ ಕೊಟ್ಟ ಪಾಕೀಟುಗಳು

ಎಂಜಲು ಮುಸುರೆಯ ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಉಡುಪಿ ಕಡೆಯ ನಮ್ಮ ಮನೆಯಲ್ಲಿ ಕಲಿತ ಈ ಒಂದು ಮಾತು ಗಟ್ಟಿಯಾಗಿ ಉಳಿದಿದೆ. ಶಾಲೆಗೆ ಹೋದದ್ದು ನಾಲ್ಕನೇ ಕ್ಲಾಸಿನವರೆಗೆ, ಅಲ್ಲಿ ಕಲಿತದ್ದು ಮರೆತೇಹೋಗಿದೆ. ಹಾಗಾಗಿ ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಬಿಲ್ಡಿಂಗಿಗೆ ಕಸ ಆಯಲು ಬರುತ್ತಿದ್ದ ಹೆಂಗಸಿಗೆ ಪ್ಲಾಸ್ಟಿಕ್ ಕೊಡುವಾಗಲೂ ನಾನು ತೊಳೆದೇ ಕೊಡುತ್ತಿದ್ದೆ. ಹಾಲಿನ ಚೀಲ, ಬಿಸ್ಕತ್ತಿನ ಹೊದಿಕೆ, ಚಿವಡಾದ ಪಾಕೀಟು, ಮೊಮ್ಮಗ ತಿಂದು ಬಿಸಾಡಿದ ವೇಫರಿನ ಚೀಲ, ಎಲ್ಲದಕ್ಕೂ ಸಾಬೂನು. ಬಾಲ್ಕನಿಯ ಹಗ್ಗದಲ್ಲಿ ಗಂಡನ ಬನಿಯನ್ನಿನ ಪಕ್ಕ ಕ್ಲಿಪ್ಪು ಹಾಕಿ ಒಣಗಿಸಿ, ನಾಲ್ಕು ಮಡಿಕೆ ಮಾಡಿ, ಹೂ ಕಟ್ಟಿ ಉಳಿದ ದಾರದಲ್ಲಿ ಕಟ್ಟಿಡುತ್ತಿದ್ದೆ.

ಕೆಳಗಿನ ಮಹಡಿಯ ಮರಾಠಿ ಹೆಂಗಸು ತಲೆಯೆತ್ತಿ ಕೇಳುತ್ತಿದ್ದಳು, "ಕಾಯ್ ಆಜಿ, ವೇಫರ್‌ಚೀ ಆಂಘೋಳ್ ಝಾಲೀ ಕಾ?" ವೇಫರಿಗೆ ಸ್ನಾನ ಆಯಿತಾ ಎಂದು.

"ನಿನ್ನ ಗಂಡನಿಗಿಂತ ಮೊದಲೇ ಆಯಿತು" ಎಂದು ನಾನೂ ಮರಾಠಿಯಲ್ಲೇ ಹೇಳುತ್ತಿದ್ದೆ. ಅವಳ ಗಂಡ ಭಾನುವಾರ ಹನ್ನೆರಡರವರೆಗೆ ಸ್ನಾನ ಮಾಡದವನು.

ಇದೆಲ್ಲ ಶುರುವಾದದ್ದು ಮುಂಬಯಿ ಮುಳುಗಿದ ಆ ದೊಡ್ಡ ಮಳೆಯ ಮರುವರ್ಷ. ಗಟಾರಗಳಲ್ಲಿ ಪ್ಲಾಸ್ಟಿಕ್ ಸಿಕ್ಕಿಕೊಂಡು ನೀರು ಮನೆಗಳಿಗೆ ನುಗ್ಗಿತು ಎಂದು ಊರೆಲ್ಲ ಮಾತಾಡುತ್ತಿದ್ದ ಕಾಲ. ಮೊಮ್ಮಗನಿಗೆ ಶಾಲೆಯಲ್ಲೂ ಅದೇ ಪಾಠ. ಒಂದು ಪ್ಲಾಸ್ಟಿಕ್ ಡಬ್ಬಿಯ ತಳ ತಿರುಗಿಸಿ, ಒಂದರ ಬಾಲ ಒಂದು ಹಿಡಿದ ಮೂರು ಬಾಣಗಳನ್ನು ತೋರಿಸಿ, ಇದು ಕರಗಿ ಮತ್ತೆ ಹೊಸದಾಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ಡಬ್ಬಿಯ ಮಾತನ್ನು ನಾನು ಎಲ್ಲ ಪ್ಲಾಸ್ಟಿಕ್ಕಿಗೂ ಹಚ್ಚಿಕೊಂಡೆ. ತೊಳೆದು ಸರಿಯಾದವರ ಕೈಗೆ ಕೊಟ್ಟರೆ ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಅದಕ್ಕೆ ಮೊದಲು ಮನೆಯಲ್ಲೇ ಚಕ್ಕುಲಿ, ಖಾರಕಡ್ಡಿ ಕರಿಯುತ್ತಿದ್ದೆ. ತೊಳೆಯುವ ಅಭ್ಯಾಸ ಬಂದ ಮೇಲೆ ಅಂಗಡಿಯ ಪಾಕೀಟು ತರುವುದು ಹೆಚ್ಚಾಯಿತು. ಪಾಪ ಹೇಗೂ ತೊಳೆದುಹೋಗುತ್ತದಲ್ಲ.

ಆ ಹೆಂಗಸು ವಿಜಾಪುರ ಕಡೆಯವಳು. ಅಪ್ಪ ಅಮ್ಮ ಕಲ್ಯಾಣಕ್ಕೆ ಕಟ್ಟಡದ ಕೆಲಸಕ್ಕೆ ಬಂದಿದ್ದರಂತೆ. ಮೊದಲ ದಿನ ನಾನು, ಕಸದ ಡಬ್ಬಿ ಕೆದಕಿ ಮೆಟ್ಟಿಲೆಲ್ಲ ಹರಡಬೇಡ ಎಂದು ಹಿಂದಿಯಲ್ಲಿ ಗದರಿದ್ದೆ. ಅವಳು ಬಗ್ಗಿಕೊಂಡೇ "ಮುದುಕಿ ಬಾಯಿ ನೋಡು, ಕತ್ತರಿ ಆಗೈತಿ" ಎಂದಳು.

"ಈ ಕತ್ತರಿಗೆ ಕನ್ನಡವೂ ಬರುತ್ತದೆ ಮಾರಾಯ್ತಿ" ಎಂದೆ.

ಸೆರಗು ಬಾಯಿಗೆ ಒತ್ತಿ ನಕ್ಕವಳು ನಗುತ್ತಾ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಅವತ್ತಿನಿಂದ ವಾರಕ್ಕೆರಡು ಸಲ ಅವಳಿಗೊಂದು ಲೋಟ ಚಹಾ, ನನಗೊಂದಿಷ್ಟು ಕನ್ನಡ. ಮನೆಯಲ್ಲಿ ಗಂಡನ ಹತ್ತಿರ ತುಳು, ಮೊಮ್ಮಗನ ಹತ್ತಿರ ಹಿಂದಿ. ಬಾಯಿತುಂಬ ಕನ್ನಡ ಆಡಲು ಅವಳೇ ಸಿಕ್ಕಿದ್ದು. ನನ್ನನ್ನು ಆಯಿ ಎನ್ನುತ್ತಿದ್ದಳು. ನಾಗರಪಂಚಮಿಗೆ ಶೇಂಗಾ ಉಂಡೆ ತರುತ್ತಿದ್ದಳು. ಕಸ ಆಯುವವಳ ಮನೆಯ ಉಂಡೆ ತಿನ್ನುತ್ತೀರಾ ಎಂದು ಯಾರೋ ಕೇಳಿದ್ದರು. ಅವರಿಗೂ ಒಂದು ಕೊಟ್ಟೆ. ತಿಂದರು.

ಐದಾರು ವರ್ಷ ಹೀಗೆ ನಡೆಯಿತು. ಆಮೇಲೆ ಅವಳಿಗೆ ಕೆಮ್ಮು ಹತ್ತಿತು. ಎರಡು ಮಹಡಿ ಹತ್ತಿದರೆ ಮೂರನೆಯದಕ್ಕೆ ಗೋಡೆ ಹಿಡಿಯುತ್ತಿದ್ದಳು. ಶುಂಠಿ ಕಷಾಯ ಕೊಟ್ಟೆ, ಔಷಧಿಯ ಹೆಸರು ಬರೆಸಿ ಕೊಟ್ಟೆ. ಒಂದು ಮಳೆಗಾಲದಲ್ಲಿ ಹದಿನೈದು ದಿನ ಪತ್ತೆಯೇ ಇಲ್ಲ. ಅವಳ ಬದಲು ಅವಳ ಮಗಳು ಗೋಣಿ ಹಿಡಿದು ಬಂದಳು. "ಅವ್ವ ಏಳಾಕ ಒಲ್ಲಳ್ರಿ" ಎಂದಳು. ಚಪ್ಪಲಿ ಮೆಟ್ಟಿಕೊಂಡು ಅವಳ ಜೊತೆಗೇ ಹೊರಟೆ. ಲೋಕಲ್‌ನಲ್ಲಿ ಕಲ್ಯಾಣ ಒಂದೇ ಸ್ಟೇಷನ್. ಅಲ್ಲಿಂದ ರಿಕ್ಷಾ ಹಿಡಿದು, ಖಾಡಿಯ, ಅಂದರೆ ಹಿನ್ನೀರಿನ, ಕಡೆ ಕಸದ ಗುಡ್ಡ ಕಾಣುವಲ್ಲಿ ಇಳಿದೆವು. ಮಳೆಯಲ್ಲೂ ಆ ಗುಡ್ಡ ಹೊಗೆಯಾಡುತ್ತಿತ್ತು.

ಗುಡಿಸಲಿಗೆ ಕಿಟಕಿ ಇರಲಿಲ್ಲ. ಅವಳು ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮಗಳು ನನಗೆ ಚಹಾ ಮಾಡಲು ಒಲೆಯ ಮುಂದೆ ಕೂತಳು. ಸೌದೆ ಒದ್ದೆ. ಪಕ್ಕದ ಗೋಣಿಗೆ ಕೈಹಾಕಿ ಒಂದು ಕಟ್ಟು ತೆಗೆದು, ಹಲ್ಲಿನಿಂದ ದಾರ ಹರಿದು, ಮಡಿಸಿದ ಪಾಕೀಟೊಂದನ್ನು ಒಲೆಗೆ ತುರುಕಿದಳು. ಅದು ಭಗ್ ಎಂದು ಹತ್ತಿಕೊಂಡಿತು. ಕಪ್ಪು ಹೊಗೆ ಮೊದಲು ಸೂರಿಗೆ ಹೋಗಿ, ಆಮೇಲೆ ನಮ್ಮ ಮೇಲೆ ಇಳಿಯಿತು.

ದಾರ ನನ್ನದು. ಮಡಿಕೆಯೂ ನನ್ನದೇ.

"ಇದು ನಾನು ಕೊಟ್ಟದ್ದಲ್ಲವಾ?" ಎಂದೆ.

"ಹೌದ್ರಿ ಆಯಿ" ಎಂದಳು ಮೂಲೆಯಿಂದ ತಾಯಿ.

"ಮಾರಲಿಲ್ಲವಾ ನೀನು?"

ಕೆಮ್ಮು ನಿಲ್ಲುವವರೆಗೆ ಕಾದು ಹೇಳಿದಳು, "ಹಾಲಿನ ಚೀಲ ಮಾರೀನ್ರಿ. ಬಾಟ್ಲಿ ಮಾರೀನಿ. ಈ ಮಿಂಚೂ ಚೀಲ ಗುಜರಿ ಕೊಳ್ಳೂ ಭಂಗಾರದಾಂವ ಮುಟ್ಟಂಗಿಲ್ರಿ. ಒಳಗ ಬೆಳ್ಳಿ, ಹೊರಗ ಪ್ಲಾಸ್ಟಿಕು. ಗಂಡ ಹೆಂಡ್ತಿ ಹಂಗ ಅಂಟ್ಕೊಂಡಾವು, ಬಿಡಸಾಕ ಬರಂಗಿಲ್ಲ."

"ಯಾವಾಗಿನಿಂದ?"

"ಮೊದಲಿಂದ್ಲೂ ಹಂಗ ರೀ."

ನನಗೆ ಸಿಟ್ಟು ಬಂತು. "ಹೇಳಲಿಕ್ಕೆ ನಿನಗೇನು ದಾಡಿ? ಹೇಳದಿದ್ದರೆ ಹೋಗಲಿ, ಎಲ್ಲಾದರೂ ಬಿಸಾಡಲಿಕ್ಕೆ ಏನಾಗಿತ್ತು?"

"ಅಯ್ಯ, ಹೆಂಗ ಚೆಲ್ಲಲ್ರಿ? ಊರ ಮಂದಿ ನನ್ನ ಮುಂದ ಕಸಾ ಒಗೀತಾರ. ನೀವೊಬ್ರು ತೊಳದು, ಮಡಚಿ, ಹೂವಿನ ದಾರ ಕಟ್ಟಿ ಕೈಯಾಗ ಕೊಡ್ತಿದ್ರಿ." ಸ್ವಲ್ಪ ಉಸಿರು ತೆಗೆದುಕೊಂಡು, ನನ್ನನ್ನು ಸಮಾಧಾನ ಮಾಡುವವಳ ಹಾಗೆ, "ಛಲೋ ಉರೀತಾವ್ರಿ ಆಯಿ. ಒಂದೂ ದಂಡ ಆಗಿಲ್ಲ" ಎಂದಳು.

ಆ ಚಹಾ ಕುಡಿದೆ. ಹೊರಡುವಾಗ, ಇನ್ನೊಂದನ್ನೂ ಸುಡಬೇಡಿ ಎಂದು ಮಗಳಿಂದ ಆಣೆ ಮಾಡಿಸಿಕೊಂಡೆ.

ಮರುದಿನ ಅವಳನ್ನು ದೊಡ್ಡ ಡಾಕ್ಟರಿಗೆ ತೋರಿಸಿದೆವು. ಎದೆಯ ಫೋಟೋ ತೆಗೆಸಿ ನೋಡಿ, ಎಷ್ಟು ವರ್ಷದಿಂದ ಹೊಗೆಯಲ್ಲಿದ್ದಾಳೆ ಎಂದು ಕೇಳಿದರು. ಮಗಳು ನನ್ನ ಮುಖ ನೋಡಲಿಲ್ಲ. ಹುಟ್ಟಿದಾಗಿನಿಂದ ಎಂದಳು.

ಮನೆಯಲ್ಲಿ ನಾನು ಪಾಕೀಟು ತರುವುದನ್ನು ನಿಲ್ಲಿಸಿದೆ. ಸ್ಟೀಲ್ ಡಬ್ಬಿ ಹಿಡಿದು ಸ್ಟೇಷನ್ ಹತ್ತಿರದ ಅಂಗಡಿಗೆ ಹೋದರೆ ಅಂಗಡಿಯವನು, "ಅಜ್ಜಿ, ಬಾಲ್ದಿನೇ ತರಬೇಕಿತ್ತು" ಎನ್ನುತ್ತಿದ್ದ. "ನಿನ್ನ ತಕ್ಕಡಿ ತಡೆಯುವುದಾದರೆ ತರುತ್ತೇನೆ" ಎಂದೆ. ಚಕ್ಕುಲಿಯ ಒರಳು ಮತ್ತೆ ಕೆಳಗಿಳಿಯಿತು. ಮೊಮ್ಮಗ ಒಂದು ತಿಂಗಳು ಮುಖ ಊದಿಸಿಕೊಂಡ. ಘಣಸೋಲಿಯ ಆಫೀಸಿನಿಂದ ಕತ್ತಲಾದ ಮೇಲೆ ಬರುವ ಸೊಸೆ, "ಅತ್ತೆ, ಕರಿಯುವವರು ನೀವಾದರೆ ನನ್ನದೇನೂ ತಕರಾರಿಲ್ಲ" ಎಂದಳು. ಎಲ್ಲವನ್ನೂ ಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಗಂಡನ ಮಾತ್ರೆ ಆ ಬೆಳ್ಳಿಯ ಹಾಳೆಯಲ್ಲೇ ಬರುತ್ತದೆ. ಹಲ್ಲಿನ ಪೇಸ್ಟು, ಶಾಂಪೂ ಕೂಡ. ಕೈಗೆ ಬರುವುದನ್ನು ಕಡಿಮೆ ಮಾಡಬಹುದು. ಬಂದದ್ದನ್ನು ಇಲ್ಲದ್ದು ಮಾಡಲು ನನಗಂತೂ ದಾರಿ ಗೊತ್ತಾಗಲಿಲ್ಲ.

ಪಂಚಮಿಗೆ ಮೊದಲೇ ಅವಳು ತೀರಿಕೊಂಡಳು.

ಹನ್ನೆರಡನೆಯ ದಿನ ಕಳೆದ ಮೇಲೆ ಮಗಳು ಬಂದಳು. ಕೈಯಲ್ಲಿ ಗೋಣಿಯಿತ್ತು, ಅದರ ಬಾಯಿ ಹೊಲಿದಿತ್ತು. ಬಾಗಿಲಲ್ಲೇ ಕೆಳಗಿಟ್ಟು, "ಸುಡಬ್ಯಾಡ ಅಂದಿದ್ರಲ್ರಿ ಆಯಿ. ಚೆಲ್ಲಾಕ ಅವ್ವ ಬಿಡಲಿಲ್ಲ. ಅವರ ಸಾಮಾನು ಅವರಿಗೆ ಮುಟ್ಟಿಸಿ ಬಾ ಅಂದಿದ್ಳು" ಎಂದಳು.

ಚಹಾ ಕೊಟ್ಟೆ. ಅವಳ ಅಮ್ಮ ಕೂರುತ್ತಿದ್ದ ಮೆಟ್ಟಿಲ ಮೇಲೆಯೇ ಕೂತು ಕುಡಿದಳು. ನಿನ್ನ ತಾಯಿಗೆ ಹೀಗಾದದ್ದು ನನ್ನಿಂದಲಾ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನುತ್ತಿದ್ದಳು, ಅವಳೂ ತಾಯಿಯ ಹಾಗೆಯೇ. ಆ ಗುಡ್ಡದ ಹೊಗೆ ಎಷ್ಟು, ಊರವರ ಕಸದ ಹೊಗೆ ಎಷ್ಟು, ನನ್ನ ಪಾಕೀಟಿನದ್ದೆಷ್ಟು, ಅದನ್ನು ಬಿಡಿಸಿ ಹೇಳಲು ಯಾರಿಗೂ ಬರುವುದಿಲ್ಲ.

ಆಮೇಲೆ ಕೆಲವು ವರ್ಷಕ್ಕೆ ಸರಕಾರ ಪ್ಲಾಸ್ಟಿಕ್ ಚೀಲ ಬಂದ್ ಮಾಡಿತು. ಬಿಲ್ಡಿಂಗಿನವರೆಲ್ಲ ಬಟ್ಟೆಚೀಲ ಹಿಡಿದರು. ಅಂಗಡಿಯ ಬಾಗಿಲಲ್ಲಿ ಮಿಂಚುವ ಪಾಕೀಟಿನ ಮಾಲೆ ಮಾತ್ರ ಹಾಗೇ ತೂಗುತ್ತಿತ್ತು. ಅದನ್ನೇ ಬಟ್ಟೆಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದರು.

ಗೋಣಿ ನಮ್ಮ ಮನೆಯ ಅಟ್ಟದ ಮೇಲಿದೆ. ಬಣ್ಣ ಬಳಿಯುವವರು ಬಂದಾಗ ಮೊಮ್ಮಗ ಅದನ್ನು ಕೆಳಗಿಳಿಸಿ, ಇದನ್ನು ಎಸೆಯೋಣವಾ ಅಜ್ಜಿ ಎಂದು ಕೇಳಿದ. ಹೊಲಿಗೆ ಬಿಚ್ಚಿ ಒಂದು ಕಟ್ಟು ತೆಗೆದು ನೋಡಿದೆ. ಹೂವಿನ ದಾರ ಮುಟ್ಟಿದರೆ ಪುಡಿಯಾಗುತ್ತಿತ್ತು. ಪಾಕೀಟು ಮಾತ್ರ ನಾನು ತೊಳೆದು ಒಣಗಿಸಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಹೊಸ ದಾರದಿಂದ ಕಟ್ಟಿ ಮತ್ತೆ ಮೇಲಿಡಿಸಿದೆ.