ಗೂಡಿನ ರೇಟು, ಗಡಿಯ ಮಿಠಾಯಿ

ಬೆಳಿಗ್ಗೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಾಗ ಫೋನು ಟಿಣ್ ಎಂದಿತು. ಪಕ್ಕದ ಮನೆ ಜೈನಬಿಯ ಮೊಮ್ಮಗ, ಸೈನ್ಯದಲ್ಲಿರುವ ಇರ್ಫಾನ್ ಫೋಟೋ ಕಳಿಸಿದ್ದ. ಹಿಮದ ಗಡಿಯಲ್ಲಿ ನಿಂತು ಚೀನಾದ ಸೈನಿಕನ ಕೈಗೆ ಮಿಠಾಯಿ ಡಬ್ಬಿ ಕೊಡುತ್ತಿದ್ದಾನೆ. ಕೆಳಗೆ, 'ಅಜ್ಜಿ, ಈಗ ದೋಸ್ತಿ ಆಗೋಯ್ತು' ಎಂದು ಬೇರೆ. ಏನು ಉತ್ತರ ಬರೆಯಲಿ? ಟೈಪು ಮಾಡುವುದು ಮೊನ್ನೆಮೊನ್ನೆ ಕಲಿತದ್ದು, ನಿಜ. ಆದರೆ ಇವತ್ತು ಬೆರಳಿಗಿಂತ ತಲೆಯೇ ತಡವರಿಸಿತು.

ಯಾಕೆ ಅಂತೀರಾ? ಶಿಡ್ಲಘಟ್ಟದ ಕಡೆ ನಮ್ಮದು ರೇಷ್ಮೆಹುಳು ಸಾಕುವ ಮನೆ. ಚೀನಾದ ದಾರ ಅಗ್ಗಕ್ಕೆ ಬಂದರೆ ನಮ್ಮ ರೇಷ್ಮೆಗೂಡನ್ನು ಮೂಸುವವರಿಲ್ಲ. ಕೆಲವು ವರ್ಷದ ಹಿಂದೆ ಗಡಿಯಲ್ಲಿ ಗಲಾಟೆಯಾದಾಗ ಮಗ, "ಆ ದಾರ ನಿಲ್ಲುತ್ತಮ್ಮ, ರೇಟು ಏರುತ್ತೆ" ಎಂದು ಹಿಗ್ಗಿದ. ನಾನೂ ಹಿಗ್ಗಿ ಗೋಡೆಯಾಚೆ ಇಣುಕಿದರೆ, ಜೈನಬಿ ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಾ ಕೂತಿದ್ದಳು. ಇರ್ಫಾನನನ್ನು ಆ ಗಡಿಗೇ ಕಳಿಸಿದ್ದರು.

ಅಂದಿನಿಂದ ದೇವರ ಮುಂದೆ ಪೇಚಾಟ. ಜಗಳ ಈಗಲೇ ನಿಲ್ಲಲಿ ಅನ್ನಲೋ, ಈ ಬೆಳೆ ಮಾರಿದ ಮೇಲೆ ನಿಲ್ಲಲಿ ಅನ್ನಲೋ? ಕೊನೆಗೆ ಜೈನಬಿಯೇ ದಾರಿ ಹೇಳಿದಳು.

"ನಿನ್ನ ಬಾಯಲ್ಲಿ ಬರೀ ಗೂಡು, ನನ್ನ ಬಾಯಲ್ಲಿ ಬರೀ ಹುಡುಗ. ಅದಲುಬದಲು ಮಾಡ್ಕೊಳಣ ಕಣೇ. ನೀನು ಗುಡೀಲಿ ಇರ್ಫಾನಂಗೆ ಕೇಳ್ಕೋ, ನಾನು ದರ್ಗಾದಲ್ಲಿ ನಿನ್ನ ಗೂಡಿಗೆ ಕೇಳ್ಕೋತೀನಿ."

"ಒಳ್ಳೆ ರೇಟು ಅಂತ ಬಿಡಿಸಿ ಹೇಳ್ಬೇಕು, ಗೊತ್ತಾಯ್ತಾ?"

"ಹೇಳ್ತೀನಿ ಬಿಡೇ. ನೀನು ನಿದ್ದೆಗಣ್ಣಲ್ಲಿ ಅವನ ಹೆಸ್ರು ನುಂಗಬೇಡ!"

ಇಷ್ಟು ವರ್ಷ ಹಾಗೇ ನಡೆಯಿತು. ಈಗ ಟಿವಿಯಲ್ಲಿ ದೊಡ್ಡವರು ಕೈ ಕುಲುಕುತ್ತಾರೆ, ನಿಂತಿದ್ದ ವಿಮಾನ ಮತ್ತೆ ಬಿಡುತ್ತಾರೆ, ವ್ಯಾಪಾರ ಬೆಳೆಸೋಣ ಎನ್ನುತ್ತಾರೆ. ಇದಕ್ಕೆ ಪ್ರಗತಿಪರ ವಿದೇಶಾಂಗ ನೀತಿ ಅಂತ ಹೆಸರಂತೆ. ಮಗ ಮಾತ್ರ, ಆ ದಾರ ಮತ್ತೆ ಬರುತ್ತೆ, ಮುಂದಿನ ಬೆಳೆಗೆ ಹುಳು ತರಲೋ ಬೇಡವೋ ಎಂದು ಗೊಣಗುತ್ತಿದ್ದಾನೆ. ನಾನು ಬೇಡಿದ್ದು ಫಲಿಸಿತು ಅಂದರೆ ಅವಳು ಬೇಡಿದ್ದು ಕೆಟ್ಟಿತೇ? ಫೋನು ಹಿಡಿದು ಹೋಗಿ ಅವಳನ್ನೇ ಕೇಳಿದೆ.

ಜೈನಬಿ ಸೆರಗಿನಿಂದ ಫೋನಿನ ಗಾಜು ಒರೆಸಿ ನೋಡಿದಳು, ಮತ್ತೆ ಒರೆಸಿದಳು.

"ನಿನ್ನ ಕೆಲ್ಸ ಆಯ್ತು. ನಂದು ಬಾಕಿ ಅದೆ. ಶುಕ್ರವಾರ ಮತ್ತೆ ಹೋಗ್ತೀನಿ."

ನನಗೆ ಈಗಲೂ ಏನೂ ಬಗೆಹರಿದಿಲ್ಲ. ಆದರೆ ಮನೆಗೆ ಬಂದು ಫೋಟೋ ಮತ್ತೆ ನೋಡಿದಾಗ ಕಣ್ಣು ಚೀನಾದವನ ಮೇಲೂ ಹೋಗಲಿಲ್ಲ, ಮಿಠಾಯಿ ಮೇಲೂ ಹೋಗಲಿಲ್ಲ. ಒಂದೊಂದೇ ಅಕ್ಷರ ಒತ್ತಿದೆ:

'ಕೊಟ್ಟಿದ್ದು ಒಳ್ಳೇದಾಯ್ತು ಕಂದ. ಅಷ್ಟು ಚಳೀಲಿ ಕಿವಿ ಯಾಕೆ ಬಿಟ್ಕೊಂಡಿದೀಯ, ಮುಚ್ಕೋ. ಅವನ ಹತ್ರ ರೇಷ್ಮೆ ಮಾತು ಮಾತ್ರ ಎತ್ತಬೇಡ.'