ಮುನಿಗಂಗಮ್ಮನ ಮೈ ಹೊಕ್ಕ ಕರು

ಅನುಗೊಂಡನಹಳ್ಳಿಯ ಸುತ್ತಮುತ್ತ ಯಾರ ಕೊಟ್ಟಿಗೆಯಲ್ಲಿ ಹಸು ಈಯಲಾರದೆ ಒದ್ದಾಡಿದರೂ ಕರೆ ಬರುತ್ತಿದ್ದುದು ಮುನಿಗಂಗಮ್ಮನಿಗೆ. ಮೂವತ್ತು ವರ್ಷ ಆಕೆ ಸೆರಗು ಸಿಕ್ಕಿಸಿ, ಕೈಗೆ ಹರಳೆಣ್ಣೆ ಸವರಿಕೊಂಡು, ಅಡ್ಡ ಸಿಕ್ಕ ಕರುಗಳನ್ನು ಎಳೆದು ಬದುಕಿಸಿದವಳು. ಬದಲಿಗೆ ಸಿಗುತ್ತಿದ್ದುದು ಒಂದು ಚೊಂಬು ಗಿಣ್ಣದ ಹಾಲು. ಅಂಥವಳನ್ನು ಊರು ಹುಚ್ಚಿ ಎಂದಿತು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೋದ ವರ್ಷ ದೇವರಾಜನ ಸೀಮೆಹಸು ಏಳನೇ ತಿಂಗಳಿಗೇ ಕಂದು ಹಾಕಿತು. ಸತ್ತ ಕರುವನ್ನೂ ಒಳಗೆ ಉಳಿದ ಮಾಸನ್ನೂ ಬರಿಗೈಯಲ್ಲಿ ತೆಗೆದವಳು ಅವಳೇ. ತಿಂಗಳೊಳಗೆ ಸಂಜೆಸಂಜೆ ಜ್ವರ, ಬೆವರು, ಸೊಂಟ ಮುರಿದಂಥ ನೋವು. ಆಮೇಲೆ ಕೂತಲ್ಲೇ ಅಳು. ಮಗ ಅನಿಲ್‌ಕುಮಾರ್ ಊಟದ ತಟ್ಟೆ ಇಟ್ಟರೆ, ವಿಷ ಹಾಕಿದ್ದೀಯ ಎಂದು ಎಸೆಯುತ್ತಿದ್ದಳು. ಬಾಯಿ ಬಿಟ್ಟರೆ ಒಂದೇ ಮಾತು: "ಆ ಸತ್ತ ಕರು ನನ್ ಮೈ ಹೊಕ್ಕೈತೆ ಕಣ್ರೋ."

ಜನಕ್ಕೆ ಅಷ್ಟೇ ಸಾಕಾಯಿತು. ಪೂಜಾರಿ ನಿಂಬೆಹಣ್ಣು ಮಂತ್ರಿಸಿಕೊಟ್ಟ. ಪೇಟೆಯ ಡಾಕ್ಟರೊಬ್ಬ ಅವಳ ಮುಖವನ್ನೂ ನೋಡದೆ ನಿದ್ದೆಮಾತ್ರೆ ಬರೆದ. ಜ್ವರದ ಮಾತೆತ್ತಿದರೆ, ತಲೆ ಕೆಟ್ಟವರಿಗೂ ಜ್ವರ ಬರುತ್ತೆ ಎಂದ, ಮಹಾನುಭಾವ! ಹಾಲಿನ ಡೇರಿಯ ಮುಂದೆ ನಿಂತು ದೇವರಾಜನೇ ಸಾರಿದ: "ದೊಡ್ಡಮ್ಮಂಗೆ ತಲೆ ಕೆಟ್ಟೈತೆ, ಯಾರೂ ಕೊಟ್ಟಿಗೆಗೆ ಸೇರಿಸ್ಬೇಡಿ."

ಎಂಟು ತಿಂಗಳ ಮೇಲೆ ಹೊಸಕೋಟೆಯ ಆಸ್ಪತ್ರೆಯೊಂದರಲ್ಲಿ ಶಿಲ್ಪ ಎಂಬ ಎಳೆಯ ಡಾಕ್ಟರು ಕೇಳಿದಳು: "ಯಾವ ಕರು ಅಮ್ಮಾ?" ಅಷ್ಟು ದಿನ ಈ ಒಂದು ಪ್ರಶ್ನೆ ಯಾರಿಗೂ ಹೊಳೆದಿರಲಿಲ್ಲ. ದೇವರಾಜನ ಹಸುವಿನ ಕಥೆ ಹೊರಬಂತು. ರಕ್ತ ಪರೀಕ್ಷೆಯಾಯಿತು, ಬೆನ್ನಿನಿಂದ ನೀರು ತೆಗೆದರು. ಹಸುಗಳಿಗೆ ಕಂದು ಹಾಕಿಸುವ ಕಂದುರೋಗ, ಬರಿಗೈಯಲ್ಲಿ ಮುಟ್ಟಿದವರಿಗೂ ಹತ್ತುವಂಥದ್ದು. ಅದರ ರೋಗಾಣು ಇವಳ ಮಿದುಳಿಗೆ ಏರಿ ಕೂತಿತ್ತು. ಐದು ತಿಂಗಳು ಮಾತ್ರೆ ನುಂಗಿದ ಮೇಲೆ ಮುನಿಗಂಗಮ್ಮ ಮತ್ತೆ ಮುನಿಗಂಗಮ್ಮ ಆದಳು.

ಇನ್ನೊಂದು ಸಂಗತಿಯನ್ನು ದನದ ಡಾಕ್ಟರು ಬಾಯಿಬಿಟ್ಟರು. ಆ ಹಸು ಹಿಂದೊಮ್ಮೆ ಕಂದು ಹಾಕಿದಾಗಲೇ ಅದರ ರಕ್ತದಲ್ಲಿ ರೋಗ ಸಿಕ್ಕಿತ್ತು. ದೇವರಾಜನಿಗೆ ಗೊತ್ತಿತ್ತು. ಡೇರಿಯವರು ಹಾಲು ಬೇಡ ಎಂದಾರೆಂದು ಬಾಯಿ ಮುಚ್ಚಿಕೊಂಡಿದ್ದ.

ಮುನಿಗಂಗಮ್ಮ ನೇರ ಅವನ ಮನೆಗೆ ಹೋದಳು.

"ಗೊತ್ತಿದ್ದೂ ಗೊತ್ತಿದ್ದೂ ನನ್ನ ಯಾಕೆ ಕರೆದ್ಯೋ?"

"ಹೋಗ್ಲಿ ಬಿಡು ದೊಡ್ಡಮ್ಮ, ಈಗ ವಾಸಿ ಆಯ್ತಲ್ಲ."

ಕೊಂದುಬಿಡುವಷ್ಟು ಸಿಟ್ಟು ಬಂತು ಅವಳಿಗೆ. ಅಷ್ಟರಲ್ಲಿ ಅವನ ಹೆಂಡತಿ ಅರ್ಪಿತ, ಐದು ತಿಂಗಳ ಬಸುರಿ, ಅದೇ ಹಸುವಿನ ಕೆಳಗಿನ ಸಗಣಿ ಬಳಿದು ಕೊಟ್ಟಿಗೆಯಿಂದ ಹೊರಬಂದಳು. ಕೈಯೆಲ್ಲ ಸಗಣಿ, ಗಂಜಲ.

ಮುನಿಗಂಗಮ್ಮ ಅವಳನ್ನು ನಲ್ಲಿಯ ಹತ್ತಿರ ಎಳೆದೊಯ್ದು, ಸೋಪು ಹಾಕಿ ಗಸಗಸ ಉಜ್ಜತೊಡಗಿದಳು. "ಇವ್ಳಿಗಾದ್ರೂ ಹೇಳಿದ್ದೀಯೇನೋ?"



ಅರ್ಪಿತ ಗಂಡನ ಕಡೆ ತಿರುಗಿದಳು. "ಏನ್ರೀ ಹೇಳ್ಬೇಕಿತ್ತು ನಂಗೆ?"